ಬಲ್ಲವರ ಮೌನ

ಪತ್ತೇದಾರಿ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ವಾಚಕನು ಮೊದಲನೆಯ ಪುಟದಲ್ಲಿಯೇ ಒಂದು ಅಭಯವನ್ನು ಪಡೆದಿರುವನು. ನಡುವೆ ಎಷ್ಟೇ ಗೊಂದಲವಾಗಲಿ, ಕೊನೆಯ ಪುಟದಲ್ಲಿ ಕೊಲೆಗಾರನು ಸಿಕ್ಕಿಯೇ ಸಿಗುವನೆಂಬದೇ ಆ ಅಭಯ. ಎನ್. ನರಸಿಂಹಯ್ಯನವರು ಬರೆದ ನೂರಾರು ಕಾದಂಬರಿಗಳಲ್ಲಿ ಪತ್ತೇದಾರ ಪುರುಷೋತ್ತಮನು ಈ ಅಭಯವನ್ನು ತಪ್ಪದೆ ನಡೆಯಿಸಿಕೊಟ್ಟನು. ಅಕ್ಷರ ಕಲಿತು, ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯ ವರೆಗೆ ಓದುವ ರುಚಿಯನ್ನು ಕನ್ನಡಿಗರಲ್ಲಿ ಅನೇಕರು ಇಂಥ ಪುಸ್ತಕಗಳಿಂದಲೇ ಪಡೆದರು. ಇದರಲ್ಲಿ ತಪ್ಪು ಹುಡುಕಬೇಕಾದುದಿಲ್ಲ. ಪಾಪಕ್ಕೆ ಫಲವುಂಟೆಂಬ ಶ್ರದ್ಧೆಯನ್ನು ಹರಿಕಥೆ ಪುರಾಣಗಳು ಒಂದು ಬಗೆಯಿಂದ ಬೆಳೆಯಿಸಿದರೆ, ಪತ್ತೇದಾರಿ ಕಥೆಯು ಇನ್ನೊಂದು ಬಗೆಯಿಂದ ಬೆಳೆಯಿಸುವದು.

ಆದರೆ ಲೋಕವು ಈ ಅಭಯವನ್ನು ಯಾರಿಗೂ ಕೊಟ್ಟಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನಲ್ಲಿ 2012ನೆಯ ಇಸವಿಯ ಅಕ್ಟೋಬರ 9ರಂದು, ಕಾಲೇಜಿನಿಂದ ಮನೆಗೆ ಮರಳುತ್ತಿದ್ದ 17 ವರುಷದ ಬಾಲೆಯೊಬ್ಬಳು ಕಾಣೆಯಾದಳು; ಮರುದಿನ ಆಕೆಯ ಶವವು ದೊರೆಯಿತು. ಒಬ್ಬನನ್ನು ಹಿಡಿದರು. ರಾಜ್ಯದ ಪೋಲೀಸರಿಂದ ತನಿಖೆಯು ಕೇಂದ್ರದ ತನಿಖಾ ದಳಕ್ಕೆ ಹೋಯಿತು. ಹತ್ತು ವರುಷಗಳು ಕಳೆದ ಬಳಿಕ, 2023ನೆಯ ಜೂನ್ ತಿಂಗಳಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯವು ಆ ಆರೋಪಿಯನ್ನು ನಿರ್ದೋಷಿಯೆಂದು ಬಿಟ್ಟಿತು. ಉತ್ತರ ದೇಶದ ನೋಯ್ಡಾ ಪಟ್ಟಣದ ಹೊಟ್ಟೆಯೊಳಗೆ ಸೇರಿಹೋದ ನಿಠಾರಿಯೆಂಬ ಹಳ್ಳಿಯಲ್ಲಿ 2006ನೆಯ ಡಿಸೆಂಬರದಲ್ಲಿ ಮಕ್ಕಳ ಎಲುಬುಗಳು ಚರಂಡಿಯಲ್ಲಿ ದೊರೆತವು. ಇಬ್ಬರಿಗೆ ಮರಣದಂಡನೆಯಾಗಿತ್ತು. 2023ರಲ್ಲಿ ಅಲಹಾಬಾದದ ಉಚ್ಚ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಕೊನೆಯ ಖಟ್ಲೆಯೂ ಹಾಗೆಯೇ ಮುಗಿಯಿತು. ಎಲುಬುಗಳು ಸುಳ್ಳಲ್ಲ, ಮಕ್ಕಳು ಸತ್ತುದು ಸುಳ್ಳಲ್ಲ, ತಾಯಂದಿರ ಅಳಲು ಸುಳ್ಳಲ್ಲ. ಕೊಂದವರಾರೆಂಬ ಪ್ರಶ್ನೆಯ ಮುಂದೆ ಮಾತ್ರ ಬರಿಯ ಸ್ಥಳವು ಉಳಿದಿದೆ.

ಹೀಗಿರಲು ವಿಚಾರಪರರ ಮುಂದೆ ಒಂದು ಧರ್ಮಪ್ರಶ್ನೆ ಏಳುವದು. ಕೊಲೆಗಾರನ ಧರ್ಮಾಧರ್ಮವು ಸ್ಪಷ್ಟವಾಗಿಯೇ ಇದೆ. ಅದಕ್ಕೆ ಚರ್ಚೆ ಬೇಡ. ಆತನು ಸಿಗದೆ ಹೋದಾಗ ಮಿಕ್ಕವರ ಧರ್ಮವೇನು? ನೆರೆಯವರು, ಊರವರು, ಅಧಿಕಾರಿಗಳು, ಕಥೆಗಾರರು, ಕಥೆಯನ್ನು ಓದುವವರು ಇವರೆಲ್ಲ ಆ ಬರಿಯ ಸ್ಥಳದ ಮುಂದೆ ಹೇಗೆ ನಡೆದುಕೊಳ್ಳಬೇಕು?

ಈ ಪ್ರಶ್ನೆಯನ್ನೇ ಬೆನ್ನೆಲುಬಾಗಿ ಮಾಡಿಕೊಂಡ ಒಂದು ಕಾದಂಬರಿಯುಂಟು. ಸ್ವಿಟ್ಜರ್ಲಂಡದ ಫ್ರೀಡ್ರಿಖ್ ಡ್ಯುರೆನ್‌ಮಾಟ್ ಎಂಬವನು 1958ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಆ ಕೃತಿಯ ಹೆಸರಿಗೆ ‘ಪ್ರತಿಜ್ಞೆ’ ಎಂದು ಅರ್ಥ. ಪತ್ತೇದಾರಿ ಕಾದಂಬರಿಗೆ ಹಾಡಿದ ಚರಮಗೀತವೆಂಬ ಅರ್ಥದ ಉಪಶೀರ್ಷಿಕೆಯನ್ನು ಅವನು ಅದಕ್ಕೆ ಇಟ್ಟನು. ಮೊದಲು ಅವನು ಇದೇ ವಸ್ತುವನ್ನು ಚಲಚ್ಚಿತ್ರಕ್ಕಾಗಿ ಬರೆದುಕೊಟ್ಟಿದ್ದನು. ಅದರಲ್ಲಿ ಕೊಲೆಗಾರನು ಸಿಗುತ್ತಾನೆ. ಆ ಮುಕ್ತಾಯವು ಅವನ ಮನಸ್ಸಿಗೆ ಒಪ್ಪದ ಕಾರಣ ಕಾದಂಬರಿಯನ್ನು ಬೇರೊಂದು ಬಗೆಯಾಗಿ ಬರೆದನು.

ಕಥೆಯ ಸಾರವಿಷ್ಟು. ಜ್ಯೂರಿಖ್ ನಗರದ ಸಮೀಪದ ಮೇಗೆನ್‌ಡೋರ್ಫ್ ಎಂಬ ಹಳ್ಳಿಯ ಕಾಡಿನಲ್ಲಿ ಗ್ರಿಟ್ಲಿ ಎಂಬ ಪುಟ್ಟ ಹುಡುಗಿಯ ಶವವು ದೊರೆಯುವದು. ಹಿಂದೆ ಬೇರೆ ಸೀಮೆಗಳಲ್ಲಿ ಇಬ್ಬರು ಹುಡುಗಿಯರು ಇದೇ ಬಗೆಯಾಗಿ ಸತ್ತಿದ್ದರು. ಆ ಕೊಲೆಗಳು ಬಯಲಾಗಿರಲಿಲ್ಲ. ಮತ್ತೇಯಿ ಎಂಬ ಪೋಲೀಸ ಅಧಿಕಾರಿಯು ಸುದ್ದಿಯನ್ನು ತಾಯಿತಂದೆಗಳಿಗೆ ಮುಟ್ಟಿಸಲು ಹೋಗುವನು. ಕೊಲೆಗಾರನನ್ನು ಹಿಡಿಯುವೆನೆಂದು ನಿನ್ನ ಆತ್ಮದ ಮೇಲೆ ಆಣೆಯಿಡೆಂದು ತಾಯಿ ಕೇಳುವಳು, ಅವನು ಆಣೆಯಿಡುವನು. ಶವವನ್ನು ಮೊದಲು ಕಂಡ ಬಡ ಹೊತ್ತುಮಾರುವವನ ಮೇಲೆ ಸಂಶಯವು ಬರುವದು. ಇಪ್ಪತ್ತು ತಾಸುಗಳ ವರೆಗೆ ಬಿಡದೆ ವಿಚಾರಿಸಿದ ಮೇಲೆ ಅವನು ಸೋತು ಒಪ್ಪಿಕೊಳ್ಳುವನು. ಬಳಿಕ ಕೋಣೆಯಲ್ಲಿ ನೇಣು ಹಾಕಿಕೊಳ್ಳುವನು. ಎಲ್ಲರೂ ಕಡತವನ್ನು ಕಟ್ಟಿಡುವರು. ಮತ್ತೇಯಿಗೆ ಮಾತ್ರ ನಂಬಿಕೆ ಬಾರದು. ಅವನು ಉದ್ಯೋಗವನ್ನು ಬಿಟ್ಟು, ಕೊಲೆಗಾರನು ಹಾದುಹೋಗಬಹುದಾದ ಹೆದ್ದಾರಿಯಲ್ಲಿ ಪೆಟ್ರೋಲಿನ ಅಂಗಡಿಯೊಂದನ್ನು ಹಿಡಿದು, ಸತ್ತ ಹುಡುಗಿಯನ್ನು ಹೋಲುವ ಅನ್ನೆಮರಿ ಎಂಬ ಮಗುವನ್ನೂ ಅವಳ ತಾಯಿಯನ್ನೂ ತನ್ನಲ್ಲಿ ಇರಿಸಿಕೊಂಡು, ಆ ಮಗುವನ್ನೇ ಗಾಳದ ಹುಳುವಾಗಿ ಮಾಡಿ ಕಾಯತೊಡಗುವನು. ಕೊಲೆಗಾರನು ಬರುವದಿಲ್ಲ. ಮತ್ತೇಯಿ ಮುದುಕನಾಗಿ, ಕುಡುಕನಾಗಿ, ಅಂಗಡಿಯ ಮುಂದೆ ಕಾಯುತ್ತಲೇ ಕುಳಿತಿರುವನು. ಬಹು ವರುಷಗಳ ಮೇಲೆ, ಸಾಯುವ ಮಂಚದಲ್ಲಿದ್ದ ಶ್ರೀಮಂತ ಮುದುಕಿಯೊಬ್ಬಳು ಹಳೆಯ ಮುಖ್ಯಾಧಿಕಾರಿಗೆ ಸತ್ಯವನ್ನು ತಿಳಿಸುವಳು: ಕೊಂದವನು ಅವಳ ಗಂಡ; ಅನ್ನೆಮರಿಯ ಕಡೆಗೆ ಹೊರಟ ದಿನವೇ ದಾರಿಯಲ್ಲಿ ಮೋಟಾರಿನ ಅಪಘಾತದಿಂದ ಸತ್ತಿದ್ದನು.

ಈ ಕಥೆಯಿಂದ ವಿಚಾರಿಸಬೇಕಾದ ಮೊದಲನೆಯ ಸಂಗತಿ ಅವಸರದ್ದು. ಮಗುವಿನ ಕೊಲೆಯಾದಾಗ ಊರು ಒಂದು ಹೆಸರನ್ನು ಬೇಡುವದು. ಹೆಸರು ಸಿಕ್ಕದೆ ಅದಕ್ಕೆ ನಿದ್ರೆಯಿಲ್ಲ. ಕಾದಂಬರಿಯಲ್ಲಿ ಹಳ್ಳಿಗರು ಹೊತ್ತುಮಾರುವವನನ್ನು ತಮ್ಮ ಕೈಗೆ ಒಪ್ಪಿಸಬೇಕೆಂದು ಗುಂಪುಗೂಡಿ ಕೂಗುವರು. ಮತ್ತೇಯಿ ಅವರನ್ನು ಬೈಯುವದಿಲ್ಲ; ನೀವೇ ನ್ಯಾಯಾಧೀಶರಾಗಿ, ನೀವು ಕಂಡುದೇನು, ಯಾವ ಹೊತ್ತಿಗೆ ಕಂಡಿರಿ, ಹೇಳಿರೆಂದು ಕೇಳುವನು. ಒಂದೊಂದೇ ಪ್ರಶ್ನೆಗೆ ಗುಂಪು ಕರಗುವದು. ಆದರೆ ಗುಂಪಿನಿಂದ ಉಳಿದುಕೊಂಡ ಆ ಬಡವನು ಕಚೇರಿಯ ವಿಚಾರಣೆಯಿಂದ ಉಳಿಯಲಿಲ್ಲ. ಗುಂಪಿಗೆ ಬೇಕಾದುದನ್ನೇ ಕಚೇರಿಯು ಶಿಸ್ತಿನಿಂದ ಮಾಡಿ ಮುಗಿಸಿತು.

ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯ ಋಷಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಕಳ್ಳರು ಕದ್ದ ಒಡವೆಗಳನ್ನು ಅವನ ಆಶ್ರಮದಲ್ಲಿ ಅಡಗಿಸಿಟ್ಟರು. ಮೌನವ್ರತದಲ್ಲಿದ್ದ ಋಷಿಯು ರಾಜಭಟರಿಗೆ ಉತ್ತರ ಕೊಡಲಿಲ್ಲ. ಅವರು ಅವನನ್ನೂ ಕಳ್ಳರೊಡನೆ ಶೂಲಕ್ಕೇರಿಸಿದರು. ಅರಸನು ತಪ್ಪನ್ನು ತಿಳಿದು ಇಳಿಸುವಾಗ ಶೂಲವು ಮೈಯಿಂದ ಹೊರಬರಲಿಲ್ಲ. ಅದನ್ನು ಕಡಿಯಬೇಕಾಯಿತು, ತುದಿಯು ಒಳಗೇ ಉಳಿಯಿತು. ಅಂತಲೇ ಅವನಿಗೆ ಅಣಿಮಾಂಡವ್ಯನೆಂಬ ಹೆಸರು. ಕೋರ್ಟು ನಿರ್ದೋಷಿಯೆಂದು ಬಿಟ್ಟವನ ಸ್ಥಿತಿಯೂ ಇದೇ ಅಲ್ಲವೆ? ತೀರ್ಪಿನ ಕಾಗದವು ಅವನನ್ನು ಶೂಲದಿಂದ ಇಳಿಸಬಲ್ಲುದು; ಊರ ಜನರ ಕಣ್ಣಿನಲ್ಲಿ ನೆಟ್ಟ ಅಣಿಯನ್ನು ಕೀಳಲಾರದು. ಇನ್ನು ಅವನನ್ನು ಬಿಟ್ಟ ಮೇಲೆ ಬೇರೊಬ್ಬನ ಹೆಸರನ್ನು ಕಟ್ಟೆಯ ಮೇಲೆ, ಸಂತೆಯಲ್ಲಿ, ಕೈಯಲ್ಲಿಯ ಯಂತ್ರದಲ್ಲಿ ಹರಡುವವರು ಸಾಕ್ಷಿಯಿಲ್ಲದ ಮತ್ತೊಂದು ಶೂಲವನ್ನು ನಿಲ್ಲಿಸುವರಲ್ಲದೆ, ಸತ್ತ ಮಗುವಿನ ಋಣವನ್ನು ತೀರಿಸುವದಿಲ್ಲ. ಸಾಕ್ಷಿಯನ್ನು ಕೇಳುವದು, ಮರುತನಿಖೆಯನ್ನು ಬೇಡುವದು, ತನಿಖೆಯ ಲೋಪಗಳನ್ನು ಎತ್ತಿ ತೋರಿಸುವದು ನ್ಯಾಯದ ದಾರಿ. ಹೆಸರನ್ನು ಊಹಿಸುವದು ನ್ಯಾಯವಲ್ಲ.

ಎರಡನೆಯ ಸಂಗತಿ ಹೆಚ್ಚು ಕಠಿಣವಾದುದು. ಅದು ಮತ್ತೇಯಿಯ ಪ್ರತಿಜ್ಞೆಯದು. ಅವನು ಲಂಚಗಾರನಲ್ಲ, ಆಲಸಿಯಲ್ಲ, ಕ್ರೂರನಲ್ಲ. ಎಲ್ಲರೂ ಕೈಬಿಟ್ಟ ಸತ್ಯವನ್ನು ಒಬ್ಬನೇ ಹಿಡಿದವನು. ಅವನ ಊಹೆಯು ಸರಿಯಾಗಿಯೂ ಇತ್ತು. ಅಪಘಾತವೊಂದು ನಡುವೆ ಬಾರದಿದ್ದರೆ ಕೊಲೆಗಾರನು ಅವನ ಬಲೆಗೆ ಬೀಳುತ್ತಿದ್ದನು. ಲೋಕವು ಅವನನ್ನು ಕೊಂಡಾಡುತ್ತಿತ್ತು. ಹಾಗಾದರೆ ಅವನು ಮಾಡಿದುದು ಧರ್ಮವೇ?

ಅವನ ಪರವಾಗಿ ಹೇಳಬೇಕಾದುದನ್ನು ಪೂರ್ತಿಯಾಗಿ ಹೇಳಬೇಕು. ಕೊಲೆಗಾರನು ಸಿಗದಿದ್ದರೆ ಇನ್ನೊಂದು ಮಗು ಸಾಯುವದು ನಿಶ್ಚಯ. ಆ ಮಗು ಯಾವುದೆಂದು ಯಾರಿಗೂ ತಿಳಿಯದು. ಆದುದರಿಂದ ಅದನ್ನು ಕಾಯುವವರೂ ಇರುವದಿಲ್ಲ. ಅನ್ನೆಮರಿಯನ್ನಾದರೋ ಅವನು ಹಗಲಿರುಳು ಕಾಯುತ್ತಿದ್ದನು. ಕಾವಲಿಲ್ಲದ ಒಂದು ಮಗುವಿನ ಬದಲು ಕಾವಲಿರುವ ಒಂದು ಮಗುವನ್ನು ಅಪಾಯದ ಎದುರಿಗೆ ನಿಲ್ಲಿಸಿದರೆ ಲೆಕ್ಕದಲ್ಲಿ ಲಾಭವೇ ತೋರುವದು.

ಆದರೆ ಈ ಲೆಕ್ಕದಲ್ಲಿ ಒಂದು ಅಂಕವು ಬಿಟ್ಟುಹೋಗಿದೆ. ಯುದ್ಧಕ್ಕೆ ಹೋಗುವ ಭಟನು ತನ್ನ ತಲೆಯನ್ನು ತಾನೇ ಒಡ್ಡುವನು. ಅನ್ನೆಮರಿಯು ಏನನ್ನೂ ಒಡ್ಡಲಿಲ್ಲ. ಅವಳಿಗೆ ಏನೂ ತಿಳಿದಿರಲಿಲ್ಲ. ತನಗೆ ಕಥೆ ಹೇಳುವ, ಆಟಿಗೆ ಕೊಡುವ ಆ ದೊಡ್ಡ ಮನುಷ್ಯನನ್ನು ಅವಳು ನಂಬಿದಳು. ನಂಬಿಕೆಯನ್ನು ತೋರಿ ಮಗುವನ್ನು ಬಳಿಗೆ ಕರೆಯುವದೇ ಕೊಲೆಗಾರನ ಉಪಾಯವಾಗಿತ್ತು. ಅದೇ ಉಪಾಯವನ್ನು ಮತ್ತೇಯಿ ಒಳ್ಳೆಯ ಉದ್ದೇಶದಿಂದ ಕೈಕೊಂಡನು. ಒಬ್ಬ ತಾಯಿಗೆ ಕೊಟ್ಟ ಮಾತನ್ನು ಇನ್ನೊಬ್ಬ ತಾಯಿಯ ಮಗುವನ್ನು ಒತ್ತೆಯಿಟ್ಟು ಸಲ್ಲಿಸಹೊರಟನು. ಭೀಷ್ಮನು ತನ್ನ ಪ್ರತಿಜ್ಞೆಯ ಭಾರವನ್ನು ಬಹುಮಟ್ಟಿಗೆ ತಾನೇ ಹೊತ್ತನು. ಹಾಗಿದ್ದೂ ಆ ಪ್ರತಿಜ್ಞೆಯ ನೆರಳಿನಲ್ಲಿ ಅಂಬೆಯ ಬಾಳು ಸುಟ್ಟುಹೋಯಿತು. ತನ್ನ ಪ್ರತಿಜ್ಞೆಯ ಭಾರವನ್ನು ಏನೂ ಅರಿಯದ ಕೂಸಿನ ಹೆಗಲಿಗೆ ಏರಿಸಿದವನ ಪಾಡೇನು? ಬಂದ ಫಲದಿಂದ ಕರ್ಮವನ್ನು ಅಳೆಯುವದು ಇಲ್ಲಿ ನಡೆಯದು. ಕೊಲೆಗಾರನು ಬಂದು ಸಿಕ್ಕಿದ್ದರೂ, ಕ್ಷೌರದ ಕತ್ತಿಗೂ ಮಗುವಿನ ಕೊರಳಿಗೂ ಗೇಣು ಅಂತರವನ್ನು ಉಳಿಸಿ ಆಟವಾಡಿದವನೆಂಬ ದೋಷವು ಮತ್ತೇಯಿಗೆ ತಪ್ಪುತ್ತಿರಲಿಲ್ಲ. ಸತ್ತ ಮಗುವಿನ ನ್ಯಾಯಕ್ಕಾಗಿ ಬದುಕಿರುವ ಮಗುವನ್ನು ಸಾಧನವಾಗಿ ಮಾಡಿಕೊಳ್ಳಬಾರದು. ಇದು ಪೋಲೀಸರಿಗೆ ಹೇಗೋ ಹಾಗೆಯೇ ಪತ್ರಿಕೆಯವರಿಗೂ ಕಥೆಗಾರರಿಗೂ ಸಲ್ಲುವ ಮಾತು. ನೊಂದ ಮನೆಯ ಎಳೆಯ ಮಕ್ಕಳ ಮುಂದೆ ಬಾಯಿಗೆ ಯಂತ್ರವೊಡ್ಡಿ ಅಳುವನ್ನು ಸೆರೆಹಿಡಿಯುವವರೂ ಒಂದು ಬಗೆಯ ಗಾಳವನ್ನೇ ಹಾಕುತ್ತಿರುವರು.

ಮೂರನೆಯ ಸಂಗತಿಯು ಎಲ್ಲಕ್ಕೂ ಮಿಗಿಲಾದುದು. ಆ ಶ್ರೀಮಂತ ಮುದುಕಿಗೆ ಎಲ್ಲವೂ ತಿಳಿದಿತ್ತು. ಮೊದಲನೆಯ ಮಗು ಸತ್ತಾಗಲೇ ತಿಳಿದಿತ್ತು. ಗಂಡನಿಗೆ ಬುದ್ಧಿ ಹೇಳಿದಳು. ಇನ್ನು ಮಾಡುವದಿಲ್ಲವೆಂದು ಅವನು ಮಾತು ಕೊಟ್ಟನು. ಅಲ್ಲಿಗೆ ಮುಗಿಯಿತೆಂದು ಮನೆತನದ ಮಾನವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುಳಿತಳು. ಎರಡನೆಯದೂ ಆಯಿತು, ಮೂರನೆಯದೂ ಆಯಿತು. ಹಾಗೆಂದು ಅವಳು ರಾಕ್ಷಸಿಯಲ್ಲ. ಮರ್ಯಾದಸ್ಥೆ, ದಯಾಳು, ಮನೆಗೆ ಬಂದವರನ್ನು ಉಪಚರಿಸುವವಳು. ಕಾದಂಬರಿಯ ನಿಜವಾದ ಭೀತಿಯಿರುವದು ಇಲ್ಲಿಯೇ. ಕತ್ತಿ ಹಿಡಿದವನು ಒಬ್ಬನೇ ಆದರೂ ಅವನನ್ನು ಮುಚ್ಚಿದ ಸೆರಗು ಸಭ್ಯ ಮನೆತನದ್ದಾಗಿತ್ತು.

ಮನುಸ್ಮೃತಿಯ ವ್ಯವಹಾರ ಪ್ರಕರಣದಲ್ಲಿ ಅಧರ್ಮದ ಪಾಲನ್ನು ನಾಲ್ಕಾಗಿ ಹಂಚಿದೆ: ಮಾಡಿದವನಿಗೆ ಒಂದು, ಸಾಕ್ಷಿಗೆ ಒಂದು, ಸಭಾಸದರಿಗೆ ಒಂದು, ಅರಸನಿಗೆ ಒಂದು. ದ್ಯೂತಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲ ತಲೆ ತಗ್ಗಿಸಿ ಕುಳಿತಾಗ ವಿದುರನು ಎದ್ದು, ಕಶ್ಯಪನು ಪ್ರಹ್ಲಾದನಿಗೆ ಹೇಳಿದುದನ್ನು ನೆನಪಿಗೆ ತರುವನು. ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಅರ್ಧ ಪಾಪವು ಹಿರಿಯನಿಗೆ ತಗಲುವದು, ಮಾಡಿದವನಿಗೆ ಕಾಲುಭಾಗ, ಸುಮ್ಮನೆ ಕುಳಿತವರಿಗೆ ಕಾಲುಭಾಗ. ಈ ವಿದುರನಾರೆಂಬದನ್ನು ಮರೆಯಬಾರದು. ಬಾಲ್ಯದಲ್ಲಿ ಹುಳುವಿನ ಬಾಲಕ್ಕೆ ಕಡ್ಡಿ ಚುಚ್ಚಿದುದಕ್ಕೆ ಶೂಲದ ಶಿಕ್ಷೆಯೆಂದು ಯಮನು ಹೇಳಲು, ಮಾಂಡವ್ಯನು ಕೆರಳಿ, ಹದಿನಾಲ್ಕು ವರುಷದ ವರೆಗೆ ಮಕ್ಕಳು ಮಾಡಿದುದು ಪಾತಕವಲ್ಲವೆಂದು ಮರ್ಯಾದೆಯನ್ನು ಕಟ್ಟಿ, ಯಮನು ಮನುಷ್ಯನಾಗಿ ಹುಟ್ಟಲೆಂದು ಶಪಿಸಿದನು. ಆ ಯಮನೇ ವಿದುರ. ಮಕ್ಕಳ ವಿಷಯದಲ್ಲಿ ತಪ್ಪಿದ ಧರ್ಮದೇವತೆಯೇ ಮುಂದೆ ಮೌನಸಭೆಯಲ್ಲಿ ಬಾಯಿಬಿಟ್ಟು ಮಾತಾಡಬೇಕಾಯಿತೆಂದು ವ್ಯಾಸರು ಕಥೆಯನ್ನು ಹೆಣೆದಿರುವದು ವಿಚಾರಯೋಗ್ಯವಾಗಿದೆ.

ಇದು ಸಂಸ್ಕೃತ ಗ್ರಂಥಗಳ ಮಾತಷ್ಟೇ ಅಲ್ಲ. ಬಾಗಲಕೋಟೆ ಹುನಗುಂದ ಸೀಮೆಗಳಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳಿಗೂ ಇದು ಗೊತ್ತಿತ್ತು. ‘ಕೆರೆಗೆ ಹಾರ’ವೆಂಬ ಕಥನಗೀತದಲ್ಲಿ ಕಲ್ಲನಕೇರಿಯ ಮಲ್ಲನಗೌಡನು ಕೆರೆ ಕಟ್ಟಿಸುವನು, ನೀರು ಬೀಳದು, ಹೊತ್ತಿಗೆ ತೆಗೆಯಿಸಿ ಕೇಳಿದರೆ ಸೊಸೆಯನ್ನು ಕೊಡಬೇಕೆಂದು ಬರುವದು. ಹಿರಿಸೊಸೆ ಹೋದರೆ ಮನೆಯ ಹಿರಿತನ ನೋಡುವವರಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಕೊಡುವದೆಂದು ಮನೆಯವರು ನಿಶ್ಚಯಿಸುವರು. ದಂಡಿನಿಂದ ಗಂಡನು ಬಂದು ಮಡದಿಯೆಲ್ಲಿ ಎಂದು ಕೇಳಿದರೆ, ತವರಿಗೆ ಹೋಗಿರುವಳೆಂದು ಸುಳ್ಳು ಹೇಳುವರು. ನಿಜವನ್ನು ಹೇಳುವವಳು ಗೆಳತಿಯೊಬ್ಬಳೇ. ಅದೂ ಕೆರೆ ತುಂಬಿದ ಮೇಲೆ. ಆ ಹಾಡಿನಲ್ಲಿ ಕೊಲೆಗಾರನೆಂದು ಬೊಟ್ಟು ಮಾಡಲು ಒಬ್ಬನೂ ಸಿಗುವದಿಲ್ಲ; ಬಲ್ಲವರು ಮಾತ್ರ ಮನೆತುಂಬ ಇರುವರು. ಹಾಡಿದ ಹೆಣ್ಣುಮಕ್ಕಳು ಯಾರನ್ನೂ ಶಪಿಸಲಿಲ್ಲ. ಆದರೆ ಮುಚ್ಚಿಟ್ಟುದನ್ನು ಮುಚ್ಚಿಡಲು ಬಿಡದೆ, ತಲೆಯಿಂದ ತಲೆಗೆ ಹಾಡಿ ಉಳಿಸಿದರು.

ಇಂದಿನ ಕಾಯದೆಯೂ ಈ ಹಳೆಯ ತತ್ವವನ್ನು ಒಪ್ಪಿಕೊಂಡಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯಲು 2012ರಲ್ಲಿ ಆದ ಪೋಕ್ಸೋ ಕಾಯದೆಯು ಅದೇ ವರುಷದ ನವೆಂಬರ 14ರಿಂದ ಜಾರಿಗೆ ಬಂದಿತು. ಅಂಥ ಅಪರಾಧವು ನಡೆದುದನ್ನು ಬಲ್ಲವರು, ನಡೆಯಬಹುದೆಂದು ಶಂಕೆಯುಳ್ಳವರು, ಪೋಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಕಲಮು ವಿಧಿಸುವದು. ತಿಳಿಸದಿದ್ದರೆ 21ನೆಯ ಕಲಮಿನಂತೆ ಶಿಕ್ಷೆಯುಂಟು. ಬಲ್ಲವನ ಮೌನವು ಮರ್ಯಾದೆಯಲ್ಲ, ಅಪರಾಧವೆಂದು ಆಯಿತು. ಆದರೆ ಕಾಯದೆಯ ಹೆದರಿಕೆಯಿಂದ ಆಡುವ ಮಾತು ಬಹುಶಃ ತಡವಾಗಿಯೇ ಬರುವದು. ಗೌಡನ ಮನೆ, ಗುರುವಿನ ಮನೆ, ಅಣ್ಣತಮ್ಮಂದಿರ ಮನೆ ಎಂಬ ದಾಕ್ಷಿಣ್ಯವು ಕಾಯದೆಗಿಂತ ಹಳೆಯದು, ಗಟ್ಟಿಯಾದುದು. ಅದನ್ನು ಮುರಿಯುವ ಶಿಕ್ಷಣವು ಕೋರ್ಟಿನಲ್ಲಿ ಸಿಗದು, ಮನೆಯಲ್ಲಿ ಸಿಗಬೇಕು.

ನಾಲ್ಕನೆಯದು ಕೇಳುವ ಕಿವಿಯ ಸಂಗತಿ. ಗ್ರಿಟ್ಲಿಯು ಸಾಯುವ ಮೊದಲೇ ಎಲ್ಲವನ್ನೂ ಹೇಳಿದ್ದಳು. ಕಾಡಿನಲ್ಲಿ ಒಬ್ಬ ದೈತ್ಯನು ಭೇಟಿಯಾಗಿ ಮುಳ್ಳುಹಂದಿಗಳನ್ನು ಕೊಡುವನೆಂದು ಗೆಳತಿಗೆ ತಿಳಿಸಿದ್ದಳು. ಶಾಲೆಯಲ್ಲಿ ಅವನ ಚಿತ್ರವನ್ನೂ ಬರೆದಿದ್ದಳು. ದೊಡ್ಡವರು ಅದನ್ನು ಕೂಸಿನ ಕಲ್ಪನೆಯೆಂದು ಗೋಡೆಗೆ ತೂಗಹಾಕಿದರು. ಮುಳ್ಳುಹಂದಿಯೆಂದರೆ ಒಂದು ಬಗೆಯ ಮಿಠಾಯಿಯೆಂದು ತಿಳಿಯುವ ಹೊತ್ತಿಗೆ ಹೇಳಿದವಳು ಮಣ್ಣಾಗಿದ್ದಳು. ಇದಕ್ಕೆ ಪ್ರತಿಯಾಗಿ ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ನೋಡಬಹುದು. ಮಾರಿಗೆ ಬಲಿಯಾಗಲು ಹಿಡಿದು ತಂದ ಅಭಯರುಚಿ ಅಭಯಮತಿಯರೆಂಬ ಅಣ್ಣತಂಗಿಯರು ಹೆದರದೆ ನಿಂತುದನ್ನು ಕಂಡು ಮಾರಿದತ್ತ ರಾಜನು ಬೆರಗಾಗಿ, ನೀವಾರೆಂದು ಕೇಳುವನು. ಅವರು ತಮ್ಮ ಕಥೆಯನ್ನು ಹೇಳುವರು. ಕೇಳುತ್ತ ಕೇಳುತ್ತ ಎತ್ತಿದ ಕತ್ತಿಯು ಇಳಿಯುವದು. ಮಕ್ಕಳನ್ನು ಉಳಿಸಿದುದು ಯಾವ ಪವಾಡವೂ ಅಲ್ಲ. ಒಬ್ಬ ದೊಡ್ಡವನು ಕೂತು ಕೇಳಿದನು, ಅಷ್ಟೇ. ಮಗುವು ತನಗೆ ಬಂದ ಭಯವನ್ನು ದೊಡ್ಡವರ ಭಾಷೆಯಲ್ಲಿ ಹೇಳಲಾರದು. ದೈತ್ಯನೆಂದೀತು, ಹೊಟ್ಟೆನೋವೆಂದೀತು, ಆ ಮನೆಗೆ ಹೋಗಲೊಲ್ಲೆನೆಂದೀತು. ಅದನ್ನು ಗದರಿಸಿ ಸುಮ್ಮನಾಗಿಸುವ ಮೊದಲು ಒಂದು ಗಳಿಗೆ ಕೇಳುವದು ತಾಯಿತಂದೆಗಳ, ಗುರುಗಳ ಮೊದಲನೆಯ ಕರ್ತವ್ಯ.

ಕೊಲೆಗಾರನೇ ಇಲ್ಲದ ಮರಣಗಳೂ ಉಂಟು. ಬಾದಾಮಿ ತಾಲೂಕಿನ ಸೂಳಿಕೇರಿಯಲ್ಲಿ 2014ನೆಯ ಅಗಸ್ಟದಲ್ಲಿ ಆರು ವರುಷದ ಹುಡುಗನೊಬ್ಬನು ಕೊಳವೆಬಾವಿಯಲ್ಲಿ ಬಿದ್ದು ತೀರಿಕೊಂಡನು. ಪಾಳುಬಿದ್ದ ಕೊಳವೆಬಾವಿಗಳ ಬಾಯನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಆಜ್ಞೆ ಮಾಡಿತ್ತು. ನಾಡಿನಲ್ಲಿ ಮತ್ತೆ ಮತ್ತೆ ಇಂಥ ಸಾವು ಆಗುತ್ತಿದ್ದರೂ ಅಲ್ಲಿ ಕತ್ತಿ ಹಿಡಿದವನಿಲ್ಲ, ದ್ವೇಷವಿಲ್ಲ. ತೆರೆದ ಬಾಯನ್ನು ಕಂಡೂ ಹಾದುಹೋದ ಕಾಲುಗಳಿರುವವು, ನಾಳೆ ಮುಚ್ಚಿದರಾಯಿತೆಂಬ ಮಾತಿರುವದು. ಕೊಲೆಯನ್ನು ಬಲ್ಲವನ ಮೌನಕ್ಕೂ, ತೆರೆದ ಬಾವಿಯನ್ನು ಕಂಡವನ ಉದಾಸೀನಕ್ಕೂ ಪ್ರಮಾಣದಲ್ಲಿ ಭೇದವುಂಟು, ಜಾತಿಯಲ್ಲಿ ಭೇದವಿಲ್ಲ. ಎರಡರಲ್ಲಿಯೂ ಮಗುವೊಂದು ತನಗೆ ತಿಳಿಯದ ಅಪಾಯದ ಮುಂದೆ ನಿಂತಿರುವದು. ತಿಳಿದವನು ಬೇರೆ ಕಡೆಗೆ ಮುಖ ತಿರುಗಿಸಿರುವನು.

ಹಾಗಾದರೆ ಬಯಲಾಗದ ಕೊಲೆಯನ್ನು ಕುರಿತು ಕಾದಂಬರಿ ಬರೆಯುವವನ ಧರ್ಮವೇನು? ಕೋರ್ಟು ಬಿಟ್ಟ ಬರಿಯ ಸ್ಥಳದಲ್ಲಿ ಒಂದು ಹೆಸರನ್ನು ತುಂಬಿ ವಾಚಕನನ್ನು ಸಮಾಧಾನಪಡಿಸುವದು ಸುಲಭ. ಅದು ಸುಳ್ಳು ಸಮಾಧಾನ. ಪೂರ್ಣಚಂದ್ರ ತೇಜಸ್ವಿಯವರು 1985ರ ‘ಚಿದಂಬರ ರಹಸ್ಯ’ದಲ್ಲಿ ಕೆಸರೂರೆಂಬ ಹಳ್ಳಿಗೆ ಒಬ್ಬ ಅಧಿಕಾರಿಯನ್ನು ಸಾವೊಂದರ ಪತ್ತೆಗಾಗಿ ಕಳಿಸುವರು. ಓದುತ್ತ ಹೋದಂತೆ ಆ ಸಾವಿನ ಗುಟ್ಟಿಗಿಂತ ಊರಿನ ಒಡಕುಗಳೇ ದೊಡ್ಡವಾಗಿ, ಕೊನೆಗೆ ಕಾಳ್ಗಿಚ್ಚು ಎಲ್ಲವನ್ನೂ ಸುತ್ತಿಕೊಳ್ಳುವದು. ಸತ್ತವನನ್ನು ಕೊಂದವರಾರೆಂದು ಕೇಳುತ್ತ ಹೋದವನಿಗೆ ಇಡಿಯ ಊರಿನ ಆರೋಗ್ಯವೇ ಉತ್ತರವಾಗಿ ಬರುವದು. ಒಳ್ಳೆಯ ಕಾದಂಬರಿಯು ಈ ಕೆಲಸವನ್ನು ಮಾಡಬಲ್ಲುದು: ಕೊಂದವರಾರೆಂಬ ಪ್ರಶ್ನೆಯನ್ನು ಕೋರ್ಟಿಗೆ ಬಿಟ್ಟು, ಅಂದು ನೀನೆಲ್ಲಿದ್ದಿ, ಕಂಡುದೇನು, ಕಂಡು ಮಾಡಿದುದೇನೆಂದು ವಾಚಕನನ್ನೇ ಕೇಳಬಲ್ಲುದು. ಮಗುವಿನ ಮರಣದ ಬಣ್ಣನೆಯಲ್ಲಿ ರುಚಿ ಹುಟ್ಟಿಸುವ ಪುಸ್ತಕಕ್ಕೂ ಇಂಥ ಪುಸ್ತಕಕ್ಕೂ ಇರುವ ಅಂತರವನ್ನು ಮನೆಯ ಹಿರಿಯರು ಗುರುತಿಸಿಕೊಳ್ಳಬೇಕು.

ಮತ್ತೇಯಿ ಹೆದ್ದಾರಿಯ ಮೇಲೆ ಕಣ್ಣಿಟ್ಟು ಬಾರದವನನ್ನು ಕಾದನು. ಅವನು ಕಾಯುತ್ತಿದ್ದ ಉತ್ತರವು ಒಂದು ದೊಡ್ಡ ಮನೆಯ ಒಳಕೋಣೆಯಲ್ಲಿ, ಒಬ್ಬ ಸಭ್ಯ ಹೆಂಗಸಿನ ನಾಲಗೆಯ ತುದಿಯಲ್ಲಿ, ವರುಷಗಟ್ಟಲೆ ಕುಳಿತಿತ್ತು. ಅವಳು ಮೊದಲನೆಯ ಸಲವೇ ಬಾಯಿಬಿಟ್ಟಿದ್ದರೆ ಮುಂದಿನ ಮಕ್ಕಳು ಉಳಿಯುತ್ತಿದ್ದರು. ಹೊತ್ತುಮಾರುವವನು ಊರಿಂದೂರಿಗೆ ತನ್ನ ಬುಟ್ಟಿಯನ್ನು ಹೊತ್ತು ತಿರುಗುತ್ತಿದ್ದನು. ಅನ್ನೆಮರಿಯ ಬಾಲ್ಯವು ಅವಳದಾಗಿ ಉಳಿಯುತ್ತಿತ್ತು. ಸತ್ತ ಮಕ್ಕಳಿಗೆ ನ್ಯಾಯವು ಸಿಗುವದೋ ಇಲ್ಲವೋ ಎಂಬದು ಎಲ್ಲರ ಕೈಯಲ್ಲಿಲ್ಲ. ತಾನು ಬಲ್ಲುದನ್ನು ಹೊತ್ತಿಗೆ ಸರಿಯಾಗಿ ಹೇಳುವದು, ಬಲ್ಲದಿರುವದನ್ನು ಬಲ್ಲೆನೆಂದು ಹೇಳದಿರುವದು, ಮಗುವಿನ ಮಾತಿಗೆ ಕಿವಿಗೊಡುವದು, ತೆರೆದ ಬಾವಿಯ ಬಾಯನ್ನು ಇಂದೇ ಮುಚ್ಚುವದು ಇವು ಪ್ರತಿಯೊಬ್ಬರ ಕೈಯಲ್ಲಿಯೂ ಇರುವವು.